ಶುಕ್ರವಾರದ ಚೀಟಿ

ನಮ್ಮದು ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆ. ಎಂಟು, ಒಂಬತ್ತು, ಹತ್ತನೇ ತರಗತಿಗಳಿವೆ. ಕೆಲವು ಮಕ್ಕಳು ಸಣ್ಣ ಅಡಿಕೆ ಬೆಳೆಗಾರರ ಮನೆಯವರು, ಕೆಲವರು ಕಾಫಿ ತೋಟದ ಲೈನ್‌ಮನೆಗಳಿಂದ ಬರುವವರು, ಇನ್ನು ಕೆಲವರು ಪೇಟೆ ಬದಿಯ ಕಾಲೋನಿಯವರು. ಪ್ರತಿ ಶುಕ್ರವಾರ ಮಧ್ಯಾಹ್ನ ಶಾಲೆಯಿಂದ ಈ ಮನೆಗಳಿಗೆಲ್ಲ ಒಂದು ಪುಟದ ಚೀಟಿ ಹೋಗುತ್ತದೆ. ಮುಂದಿನ ವಾರ ಶಾಲೆಯಲ್ಲಿ ಏನಿದೆ, ಮನೆಯಿಂದ ಏನು ಬರಬೇಕು, ಯಾವುದಕ್ಕೆ ಎಂದು ಕೊನೆಯ ದಿನ, ಇಷ್ಟೇ ಅದರಲ್ಲಿರುವುದು. ಕನ್ನಡ ಮೇಷ್ಟ್ರು ಎಂಬ ಕಾರಣಕ್ಕೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಎಂ.ಎ.ಗೂ ಈ ಬರವಣಿಗೆಗೂ ಸಂಬಂಧ ಕಡಿಮೆ ಎಂದು ಬೇಗನೆ ತಿಳಿಯಿತು. ಚೀಟಿ ಓದಿದ ತಾಯಿ ಒಂದೇ ಓಡಾಟದಲ್ಲಿ ಕೆಲಸ ಮುಗಿಸಿಕೊಂಡಳೋ, ಇಲ್ಲಾ ಇನ್ನೊಂದು ದಿನದ ಕೂಲಿ ಬಿಟ್ಟು ಮತ್ತೆ ಬರಬೇಕಾಯಿತೋ ಎಂಬುದರ ಮೇಲೆಯೇ ನಾನು ಅದರ ಗುಣ ಅಳೆಯುತ್ತೇನೆ. ಹಾಗೆ ಅಳೆಯುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಹೊಸದಾಗಿ ಈ ಕೆಲಸ ಹೊತ್ತುಕೊಂಡ ಶಿಕ್ಷಕರಿಗೆ ಉಪಯೋಗಕ್ಕೆ ಬಂದೀತು.

1. ಮೊದಲ ಸಾಲಿನಲ್ಲೇ ಕೆಲಸ ಹೇಳಿ

ಇಲಾಖೆಯ ಸುತ್ತೋಲೆಯ ಭಾಷೆ ಎಲ್ಲರಿಗೂ ಗೊತ್ತು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನಕ್ಕೆ ಅರ್ಹರಾದ ವಿದ್ಯಾರ್ಥಿಗಳು ನಿಗದಿತ ಅವಧಿಯೊಳಗೆ ಅರ್ಜಿ ಸಲ್ಲಿಸುವಂತೆ ಅಗತ್ಯ ಕ್ರಮ ವಹಿಸತಕ್ಕದ್ದು." ಕಡತಕ್ಕೆ ಈ ಭಾಷೆ ಸರಿ. ಆದರೆ ಎಷ್ಟೋ ಶಾಲೆಗಳಲ್ಲಿ ಈ ಕಾಗದದ ಫೋಟೋವನ್ನೇ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಅದನ್ನು ನೋಡಿದ ತಂದೆಗೆ ಗೊತ್ತಾಗುವುದು ಸರ್ಕಾರದಿಂದ ಏನೋ ಬಂದಿದೆ ಎಂದಷ್ಟೇ.

ಅದೇ ವಿಷಯ ನಮ್ಮ ಚೀಟಿಯಲ್ಲಿ ಹೀಗಿರುತ್ತದೆ: "ಸ್ಕಾಲರ್‌ಶಿಪ್ ಹಣ ಬರಬೇಕಾದರೆ ಈ ತಿಂಗಳೊಳಗೆ ಎರಡು ಕೆಲಸ ಆಗಬೇಕು. ಒಂದು, ಜಾತಿ ಮತ್ತು ಆದಾಯ ಪ್ರಮಾಣಪತ್ರ ತೆಗೆದು ನೋಡಿ. ಆದಾಯದ್ದರ ಅವಧಿ ಮುಗಿದಿದ್ದರೆ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಕೊಡಿ. ಅದರ ಮೇಲಿರುವ ಆರ್‌ಡಿ ನಂಬರ್ ನಮಗೆ ಬೇಕು. ಎರಡು, ಬ್ಯಾಂಕಿಗೆ ಹೋಗಿ 'ಈ ಖಾತೆಗೆ ಸರ್ಕಾರದ ಹಣ ಬೀಳುವ ಹಾಗೆ ಆಧಾರ್ ಅನ್ನು ಎನ್‌ಪಿಸಿಐಗೆ ಲಿಂಕ್ ಮಾಡಿಕೊಡಿ' ಎಂದು ಕೇಳಿ."

ಕೌಂಟರಿನಲ್ಲಿ ಆಡಬೇಕಾದ ಮಾತನ್ನೇ ಬರೆದು ಕೊಡುವುದಕ್ಕೆ ಕಾರಣವಿದೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿರುತ್ತಾರೆ, ಪಾಸ್‌ಬುಕ್ ಕೈಯಲ್ಲಿರುತ್ತದೆ, ಅಲ್ಲಿಗೆ ಲಿಂಕ್ ಆಯಿತೆಂದೇ ಮನೆಯವರು ನಂಬಿರುತ್ತಾರೆ. ಹಣ ಬೀಳುವುದಕ್ಕೆ ಆಗಬೇಕಾದ ಜೋಡಣೆಯೇ ಬೇರೆ. ಆ ಒಂದು ವಾಕ್ಯ ಕೈಯಲ್ಲಿದ್ದರೆ ಬ್ಯಾಂಕಿನವರು ಸರಿಯಾದ ಫಾರಂ ಕೊಡುತ್ತಾರೆ. ಇಲ್ಲದಿದ್ದರೆ "ಆಧಾರ್ ಕೊಟ್ಟಿದ್ದೀರಲ್ಲ, ಎಲ್ಲ ಸರಿ ಇದೆ" ಎಂದು ವಾಪಸು ಕಳಿಸುತ್ತಾರೆ. ಹಣ ಬಾರದ್ದು ಗೊತ್ತಾಗುವುದು ಮಾರ್ಚ್‌ನಲ್ಲಿ.

2. ದಿನ ಹಾಕುವಾಗ ವಾರವನ್ನೂ ಹಾಕಿ

"ಬರುವ ಬುಧವಾರ" ಎಂದರೆ ಚೀಟಿಯನ್ನು ಸೋಮವಾರ ಓದುವವರಿಗೆ ಒಂದು ಅರ್ಥ, ಗುರುವಾರ ಓದುವವರಿಗೆ ಇನ್ನೊಂದು. ತಾರೀಕು, ವಾರ, ಗಂಟೆ ಮೂರನ್ನೂ ಬರೆಯಿರಿ. ಯಾರು ಬರಬೇಕು, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ಸೇರಿಸಿ. ಸಹಿ ಮಾತ್ರ ಬೇಕಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಿ. ಒಂದು ಸಹಿಗಾಗಿ ಅರ್ಧ ದಿನದ ಸಂಬಳ ಕಳೆದುಕೊಂಡವರು ಮುಂದಿನ ಸಲ ಕರೆದಾಗ ಬರುವುದಿಲ್ಲ. ಅದು ಅವರ ತಪ್ಪೂ ಅಲ್ಲ.

3. ಮನೆಯ ವಾರ ನೋಡಿ ಕಳಿಸಿ

ಹಿಂದೆ ಸೂಚನೆಗಳು ಹೋಗುತ್ತಿದ್ದದ್ದು ಶನಿವಾರ ಬೆಳಗಿನ ತರಗತಿ ಬಿಡುವ ಹೊತ್ತಿಗೆ. ಅದನ್ನು ಶುಕ್ರವಾರಕ್ಕೆ ತಂದದ್ದು ನಾವು ಮಾಡಿದ ಬದಲಾವಣೆಗಳಲ್ಲೆಲ್ಲ ದೊಡ್ಡದು. ಕಾಫಿ ತೋಟದಲ್ಲಿ ರಜೆ ಬೇಕಿದ್ದರೆ ರೈಟರ್‌ಗೆ ಮುಂಚೆಯೇ ಹೇಳಬೇಕು. ಭಾನುವಾರ ಚೀಟಿ ನೋಡಿ ಸೋಮವಾರ ರಜೆ ಹಾಕುವುದು ಆಗದ ಮಾತು. ಶುಕ್ರವಾರ ಸಂಜೆ ಕೈಗೆ ಸಿಕ್ಕರೆ ಶನಿವಾರ ಮಾತಾಡಿಕೊಳ್ಳಬಹುದು.

ಕಚೇರಿಗಳ ಲೆಕ್ಕವನ್ನೂ ಇಟ್ಟುಕೊಳ್ಳಬೇಕು. ಎರಡನೇ, ನಾಲ್ಕನೇ ಶನಿವಾರ ನಾಡಕಚೇರಿಯೂ ಇಲ್ಲ, ಬ್ಯಾಂಕೂ ಇಲ್ಲ. ಆ ವಾರಗಳಲ್ಲಿ ದಾಖಲೆ ಕೇಳುವ ಚೀಟಿ ಹೋಗಬಾರದು. ಪ್ರಮಾಣಪತ್ರವಂತೂ ಅರ್ಜಿ ಕೊಟ್ಟ ದಿನವೇ ಕೈಗೆ ಬರುವಂಥದ್ದಲ್ಲ. ಹಾಗಾಗಿ ಕೊನೆಯ ದಿನದ ಹಿಂದಿನ ವಾರ ಮೊದಲ ಸಲ ನೆನಪಿಸುವುದು ಬರೀ ಕಣ್ಣೊರೆಸುವ ಕೆಲಸ. ತಿಂಗಳ ಮುಂಚೆ ಒಂದು ಸಲ, ಎರಡು ವಾರ ಇರುವಾಗ ಒಂದು ಸಲ, ಕೊನೆಯ ವಾರ ತಂದುಕೊಡದವರ ಮನೆಗೆ ಮಾತ್ರ ಫೋನು, ನಾವು ಪಾಲಿಸುವ ಕ್ರಮ ಇದು.

4. ಮಳೆ ರಜೆಯ ನಿಯಮವನ್ನು ಜೂನ್‌ನಲ್ಲೇ ಹೇಳಿಬಿಡಿ

ಜುಲೈ ಬಂತೆಂದರೆ ನಮ್ಮ ಕಡೆ ರಾತ್ರಿ ಒಂಬತ್ತಕ್ಕೆ ಫೋನು ಶುರು. "ಮೇಷ್ಟ್ರೇ, ನಾಳೆ ಸ್ಕೂಲ್ ಇದ್ಯಾ?" ರಜೆ ಕೊಡುವ ಅಧಿಕಾರ ನಮ್ಮ ಕೈಯಲ್ಲಿಲ್ಲ, ಜಿಲ್ಲಾಧಿಕಾರಿಗಳ ಆದೇಶ ಬರಬೇಕು. ಅದು ಕೆಲವೊಮ್ಮೆ ರಾತ್ರಿ ಬರುತ್ತದೆ, ಕೆಲವೊಮ್ಮೆ ಬೆಳಗ್ಗೆ ಮಕ್ಕಳು ಬಸ್ಸಿಗೆ ಕಾಯುವ ಹೊತ್ತಿಗೆ. ಆದೇಶಕ್ಕಿಂತ ಮೊದಲು ಬರುವುದು ಗಾಳಿಸುದ್ದಿ. ಹೋದ ವರ್ಷದ ಆದೇಶದ ತಾರೀಕು ತಿದ್ದಿ ಹರಿಬಿಡುವವರಿದ್ದಾರೆ, ಪಕ್ಕದ ಜಿಲ್ಲೆಯದನ್ನು ನಮ್ಮದೆಂದು ಕಳಿಸುವವರೂ ಇದ್ದಾರೆ. ಒಂಬತ್ತನೇ ತರಗತಿಯ ಹುಡುಗರಿಗೆ ಈ ವಿದ್ಯೆ ಗಣಿತಕ್ಕಿಂತ ಚೆನ್ನಾಗಿ ಬರುತ್ತದೆ.

ಅದಕ್ಕೇ ಶಾಲೆ ತೆರೆದ ಮೊದಲ ವಾರದ ಚೀಟಿಯಲ್ಲಿ ಮಳೆ ರಜೆಯ ವಿಷಯಕ್ಕೆ ಅರ್ಧ ಪುಟ ಕೊಡುತ್ತೇವೆ. ಆದೇಶ ನಿಜವೇ ಎಂದು ನೋಡುವವರು ಮೂರು ಸಂಗತಿ ಓದಬೇಕು: ತಾರೀಕು ಯಾವುದು, ನಮ್ಮ ತಾಲ್ಲೂಕಿನ ಹೆಸರಿದೆಯೇ, ಪ್ರೌಢಶಾಲೆಗೂ ಅನ್ವಯವೇ. ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆಗೆ ಮಾತ್ರ ರಜೆ ಕೊಟ್ಟು ಪ್ರೌಢಶಾಲೆಯನ್ನು ಬಿಟ್ಟಿರುವುದೂ ಉಂಟು. ತಮ್ಮ ಮನೆಯಲ್ಲಿ, ಅಣ್ಣ ಶಾಲೆಯಲ್ಲಿ ಎಂಬ ಆ ದಿನಗಳಲ್ಲಿ ಮನೆಯೊಳಗೆ ನಡೆಯುವ ಜಗಳಕ್ಕೆ ನಾವು ಜವಾಬ್ದಾರರಲ್ಲ. ಇದೆಲ್ಲ ನೋಡಲಾಗದವರಿಗೆ ಇನ್ನೂ ಸುಲಭದ ನಿಯಮ: ರಜೆಯ ಮಾತು ಮುಖ್ಯೋಪಾಧ್ಯಾಯರ ನಂಬರಿನಿಂದ ಬಂದರೆ ಮಾತ್ರ ರಜೆ, ಬಾರದಿದ್ದರೆ ಶಾಲೆ ಇದೆ. ರಜೆ ಕೊಟ್ಟ ದಿನಗಳನ್ನು ಮುಂದೆ ಶನಿವಾರ ಪೂರ್ತಿ ದಿನ ತರಗತಿ ನಡೆಸಿ ತುಂಬಿಸುವುದಿದೆ. ಅದನ್ನೂ ಆಗಲೇ ಹೇಳಿಡುವುದು ಒಳ್ಳೆಯದು.

ಜೂನ್‌ನಿಂದ ಆಗಸ್ಟ್‌ವರೆಗೆ ಪ್ರತಿ ಚೀಟಿಯ ಮೇಲೂ ಬದಲಾಗದೆ ಇರುವ ಸಾಲೊಂದಿದೆ: "ಹಳ್ಳ ಏರಿದ್ದರೆ, ಕಾಲುಸಂಕದ ಮೇಲೆ ನೀರು ಬಂದಿದ್ದರೆ ಮಗುವನ್ನು ಕಳಿಸಬೇಡಿ. ಇದಕ್ಕೆ ಯಾರ ಆದೇಶವೂ ಬೇಡ. ತಪ್ಪಿದ ಪಾಠ ನಾವು ಹೇಳಿಕೊಡುತ್ತೇವೆ." ಮೂರು ತಿಂಗಳು ಒಂದೇ ಸಾಲು ಏಕೆ, ಜಾಗ ದಂಡ ಎಂದು ಸಹೋದ್ಯೋಗಿಗಳು ಕೇಳಿದ್ದಾರೆ. ನಾನು ಒಪ್ಪಿಲ್ಲ. ಹಾಜರಾತಿಗೆ ಹೆದರಿ ಮಗುವನ್ನು ತುಂಬಿದ ಹಳ್ಳ ದಾಟಿಸುವ ತಂದೆ ಒಬ್ಬನಿದ್ದರೂ ಆ ಸಾಲು ಅಲ್ಲಿರಬೇಕು.

5. ಚೀಟಿ ಒಯ್ಯುವವನು ಅದನ್ನು ತಿದ್ದುತ್ತಾನೆ

ಕಾಗದದ ಚೀಟಿಯನ್ನು ಮನೆಗೆ ಮುಟ್ಟಿಸುವುದು ಮಕ್ಕಳು. ಕ್ರೀಡಾಕೂಟದ ಸುದ್ದಿ ಅರ್ಧ ಗಂಟೆಯಲ್ಲಿ ಮುಟ್ಟುತ್ತದೆ. ಪೋಷಕರ ಸಭೆಯ ಸುದ್ದಿ ಬ್ಯಾಗಿನ ತಳದಲ್ಲಿ ಮಳೆಗಾಲ ಕಳೆಯುತ್ತದೆ. ಓದಲು ಬಾರದ ತಾಯಿಗೆ ಮಗನೇ ಓದಿ ಹೇಳುವ ಮನೆಗಳಲ್ಲಿ ಮಗನಿಗೆ ಬೇಡದ ಸಾಲು ಇರುವುದೇ ಇಲ್ಲ. 2011ರ ಜನಗಣತಿಯಂತೆ ಕರ್ನಾಟಕದ ಹೆಣ್ಣುಮಕ್ಕಳ ಸಾಕ್ಷರತೆ ಶೇ. 68. ನಮ್ಮ ಮಕ್ಕಳ ತಾಯಂದಿರಲ್ಲಿ ಹಲವರು ಉಳಿದ ಭಾಗದವರು.

ವಾಟ್ಸಾಪ್ ಇದನ್ನು ಪೂರ್ತಿ ಪರಿಹರಿಸುವುದಿಲ್ಲ. ಫೋನು ತಂದೆಯದ್ದು, ತಂದೆ ಹಗಲೆಲ್ಲ ತೋಟದಲ್ಲಿ. ಅಥವಾ ಅಣ್ಣನದ್ದು, ಅಣ್ಣ ಬೆಂಗಳೂರಿನಲ್ಲಿ. ಕೆಲವು ಊರುಗಳಲ್ಲಿ ನೆಟ್‌ವರ್ಕ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಹಾಗಾಗಿ ಒಂದೇ ಚೀಟಿಯನ್ನು ಮೂರು ದಾರಿಯಲ್ಲಿ ಕಳಿಸುತ್ತೇವೆ. ಕಾಗದ ಮಗುವಿನ ಕೈಯಲ್ಲಿ ಹೋಗುತ್ತದೆ. ವಾಟ್ಸಾಪಿನಲ್ಲಿ ಅಕ್ಷರದ ಜೊತೆ ಎರಡು ನಿಮಿಷ ಮೀರದ ಧ್ವನಿ ಸಂದೇಶವೂ ಹೋಗುತ್ತದೆ. ಮೂರನೆಯದು ದೊಡ್ಡ ಅಕ್ಷರದಲ್ಲಿ ಹಾಲಿನ ಡೇರಿಯ ಗೋಡೆಗೆ ಮತ್ತು ರೇಷನ್ ಕೊಡುವ ಸೊಸೈಟಿಯ ಬಾಗಿಲಿಗೆ. ಡೇರಿಗೆ ಬೆಳಗ್ಗೆ ಸಂಜೆ ಯಾರಾದರೂ ಬಂದೇ ಬರುತ್ತಾರೆ, ಹಾಲು ಅಳೆಯುವಾಗ ನಿಂತು ಓದುತ್ತಾರೆ, ಓದಿದ್ದನ್ನು ಪಕ್ಕದ ಮನೆಗೂ ಹೇಳುತ್ತಾರೆ. ಲೈನ್‌ಮನೆಗಳಲ್ಲಿ ತಮಿಳು ಆಡುವ ಕುಟುಂಬಗಳಿವೆ. ಅಲ್ಲಿಗೆ ಎಸ್‌ಡಿಎಂಸಿ ಸದಸ್ಯೆಯೊಬ್ಬರು ತಮ್ಮ ಮಾತಿನಲ್ಲೇ ಧ್ವನಿ ಸಂದೇಶ ಮಾಡಿ ಕಳಿಸುತ್ತಾರೆ. ನಮ್ಮ ಧ್ವನಿಗಿಂತ ಅವರ ಧ್ವನಿಗೆ ಅಲ್ಲಿ ಬೆಲೆ ಹೆಚ್ಚು.

ಇನ್ನೊಂದು ಸಣ್ಣ ತಾಂತ್ರಿಕ ಮಾತು. ವಾಟ್ಸಾಪಿನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಗುಂಪಾದರೆ ಈ ತೊಡಕಿಲ್ಲ. ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಡಿ. ಶುಭೋದಯದ ಗುಲಾಬಿ ಹೂಗಳ ನಡುವೆ ಪರೀಕ್ಷೆಯ ವೇಳಾಪಟ್ಟಿ ಹುಡುಕುವ ಕಷ್ಟ ಯಾರಿಗೂ ಬೇಡ.

6. ಮಾತ್ರೆಯ ವಿಷಯ ಮೊದಲೇ ಹೇಳಿ

ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ನುಂಗಿದ ಮಕ್ಕಳ ಮಲ ಕಪ್ಪಾಗುತ್ತದೆ, ಕೆಲವರಿಗೆ ಸ್ವಲ್ಪ ಹೊಟ್ಟೆ ತೊಳಸುತ್ತದೆ. ಮೊದಲೇ ತಿಳಿಸದಿದ್ದರೆ ಮಾರನೆಯ ದಿನ ತಾಯಿ ಗಾಬರಿಯಾಗಿ ಬರುತ್ತಾಳೆ, ಅದರ ಮುಂದಿನ ವಾರ ಓಣಿಯ ಮಕ್ಕಳೆಲ್ಲ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯುತ್ತಾರೆ. ಆದ್ದರಿಂದ ವರ್ಷದ ಮೊದಲ ಮಾತ್ರೆಗೆ ಮುಂಚಿನ ಚೀಟಿಯಲ್ಲಿ ನಾಲ್ಕು ಸಾಲು ಇರುತ್ತದೆ: ಮಾತ್ರೆ ರಕ್ತಹೀನತೆಗೆ, ಬಿಸಿಯೂಟ ಆದ ಮೇಲೆ ಕೊಡುತ್ತೇವೆ, ಮಲ ಕಪ್ಪಾದರೆ ಹೆದರಬೇಡಿ, ಜ್ವರ ಇದ್ದ ದಿನ ಮಗು ಹೇಳಿದರೆ ಕೊಡುವುದಿಲ್ಲ. ಮಾತ್ರೆಯ ಹಿಂದೆಯೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ ಎಂಬುದನ್ನೂ ಸೇರಿಸುತ್ತೇವೆ. ಮಲೆನಾಡಿನವರಿಗೆ ಇದು ಕಷ್ಟದ ಸಲಹೆ.

ಜಂತುಹುಳುವಿನ ಆಲ್ಬೆಂಡಜೋಲ್ ಮಾತ್ರೆಗೂ ಇದೇ ಕ್ರಮ. ಅದನ್ನು ನುಂಗಬಾರದು, ಅಗಿದು ತಿನ್ನಬೇಕು. ಹುಳು ಹೆಚ್ಚಿರುವ ಮಗುವಿಗೆ ಒಂದಷ್ಟು ಹೊತ್ತು ಹೊಟ್ಟೆನೋವು ಬರಬಹುದು. ಮೊದಲೇ ಗೊತ್ತಿದ್ದ ತಾಯಿ ಮಗುವನ್ನು ಮಲಗಿಸಿ ನೀರು ಕುಡಿಸುತ್ತಾಳೆ. ಗೊತ್ತಿಲ್ಲದವರು ಜೀಪು ಮಾಡಿಸಿಕೊಂಡು ಆಸ್ಪತ್ರೆಗೆ ಓಡುತ್ತಾರೆ.

ಬಿಸಿಯೂಟದಲ್ಲಿ ಮೊಟ್ಟೆ ಬೇಕೋ, ಬಾಳೆಹಣ್ಣು ಬೇಕೋ ಎಂಬುದನ್ನು ಜೂನ್‌ನಲ್ಲೇ ಪೋಷಕರಿಂದ ಬರೆಸಿಕೊಳ್ಳಿ. ಆಮೇಲೆ ಆ ಬಗ್ಗೆ ಚರ್ಚೆ ಇರುವುದಿಲ್ಲ.

7. ಯಾರ ಹೆಸರನ್ನೂ ಬಯಲಿಗಿಡಬೇಡಿ

ಶಾಲೆ ತಪ್ಪಿಸಿದವರ ಪಟ್ಟಿ, ಕಡಿಮೆ ಅಂಕ ಬಂದವರ ಪಟ್ಟಿ, ದುಡ್ಡು ಕೊಡದವರ ಪಟ್ಟಿ ಇವನ್ನು ಗುಂಪಿನಲ್ಲಿ ಹಾಕುವ ಅಭ್ಯಾಸ ಹಲವೆಡೆ ಇದೆ. ಹೆಸರು ಹಾಕಿದರೆ ನಾಚಿಕೆಗೆ ಬರುತ್ತಾರೆ ಎಂಬ ವಾದ ಸುಳ್ಳು. ನಾಚಿಕೆಯಾದವರು ಗುಂಪಿನಿಂದ ಹೊರಗೆ ಹೋಗುತ್ತಾರೆ, ಶಾಲೆಯ ದಾರಿಯನ್ನೂ ಬಿಡುತ್ತಾರೆ. ಒಂದು ಮಗುವಿನ ಮಾತನ್ನು ಆ ಮಗುವಿನ ಮನೆಗೆ ಮಾತ್ರ ಹೇಳಬೇಕು, ಅದೂ ಫೋನಿನಲ್ಲಿ.

ಚೀಟಿಯಲ್ಲಿ ಹೇಳಬಹುದಾದದ್ದು ಎಲ್ಲರಿಗೂ ಅನ್ವಯವಾಗುವ ಲೆಕ್ಕ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ನಮ್ಮ ಕಡೆ ಇದು ಕುಸಿಯುವುದು ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ. ರಾತ್ರಿ ಹನ್ನೊಂದರವರೆಗೆ ಸುಲಿತಕ್ಕೆ ಕೂತ ಹುಡುಗ ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತಾನೆ, ಎರಡನೆಯ ವಾರ ಬರುವುದನ್ನೇ ಬಿಡುತ್ತಾನೆ. ಸುಲಿಯಲು ಕೂರಿಸಲೇಬೇಡಿ ಎಂದು ಬರೆದರೆ ಯಾರೂ ಕೇಳುವುದಿಲ್ಲ, ಆ ದುಡ್ಡು ಮನೆಗೆ ಬೇಕು. "ರಾತ್ರಿ ಒಂಬತ್ತಕ್ಕೆ ಎಬ್ಬಿಸಿ ಮಲಗಲು ಕಳಿಸಿ" ಎಂದು ಬರೆದರೆ ಕೆಲವರಾದರೂ ಕೇಳುತ್ತಾರೆ. ಕೊಯ್ಲು ಶುರುವಾಗುವ ಮೊದಲೇ ಅದು ಹೋಗಬೇಕು.

8. ಹತ್ತನೇ ತರಗತಿಯ ಮನೆಗೆ ಬೇರೆ ಚೀಟಿ

ಇದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಪರೀಕ್ಷೆಗೆ ನೋಂದಾಯಿಸುವಾಗ ಮಗುವಿನ ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ತಾರೀಕು ಮಂಡಳಿಗೆ ಹೋಗುತ್ತವೆ. ಅಂಕಪಟ್ಟಿಯಲ್ಲಿ ಅಚ್ಚಾಗುವುದು ಅದೇ. ಪಾಸ್‌ಪೋರ್ಟಿಗೆ, ನೌಕರಿಗೆ, ಮುಂದಿನ ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ಸಾಕ್ಷಿಯೆಂದು ಕೇಳುವ ಕಾಗದವೂ ಅದೇ. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ತಾಯಿಯ ಹೆಸರು ಮದುವೆಗೆ ಮುಂಚಿನದು. ಹೀಗೆ ನೂರೆಂಟು ಗೊಂದಲ. ಅಂಕಪಟ್ಟಿ ಬಂದ ಮೇಲೆ ತಿದ್ದಿಸುವುದು ಕಚೇರಿಯಿಂದ ಕಚೇರಿಗೆ ಅಲೆದಾಟ. ಅದಕ್ಕೆ ಮೊದಲು, ಕರಡು ಪಟ್ಟಿಯ ಹಂತದಲ್ಲಿ, ತಿದ್ದುವುದು ಹತ್ತು ನಿಮಿಷದ ಕೆಲಸ.

ನಾವು ಪ್ರತಿ ಮಗುವಿನ ವಿವರವನ್ನು ಒಂದು ಹಾಳೆಯಲ್ಲಿ ದೊಡ್ಡದಾಗಿ, ಕನ್ನಡ ಇಂಗ್ಲಿಷ್ ಎರಡರಲ್ಲೂ ಬರೆದು ಮನೆಗೆ ಕಳಿಸುತ್ತೇವೆ. ಮನೆಯವರು ಆಧಾರ್ ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿ ಸಹಿ ಹಾಕಬೇಕು. ಸಹಿ ಬರುವವರೆಗೆ ಆ ಹೆಸರನ್ನು ಮುಂದೆ ಕಳಿಸುವುದಿಲ್ಲ. ಮನೆಗೆ ಹೋದ ಹಾಳೆಗಳಲ್ಲಿ ಗುರುತು ಹಾಕಿಸಿಕೊಂಡು ಬರುವವು ಪ್ರತಿ ವರ್ಷ ಇದ್ದೇ ಇರುತ್ತವೆ.

ಹಾಗೆಯೇ, 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಅವುಗಳಲ್ಲಿ ಹೆಚ್ಚು ಬಂದ ಅಂಕ ಉಳಿಯುತ್ತದೆ. ಇದನ್ನು ಫಲಿತಾಂಶ ಬರುವ ಮುನ್ನವೇ, ಏಪ್ರಿಲ್‌ನಲ್ಲೇ ಮನೆಗಳಿಗೆ ತಿಳಿಸುತ್ತೇವೆ. ಒಂದು ವಿಷಯ ಹೋದ ಹುಡುಗಿಗೆ ಅದೇ ವರ್ಷ ಇನ್ನೂ ಅವಕಾಶ ಇದೆ ಎಂದು ಆ ಮನೆಗೆ ಗೊತ್ತಿದ್ದರೆ ಮದುವೆಯ ಮಾತು ಎತ್ತುವವರಿಗೆ ಉತ್ತರ ಇರುತ್ತದೆ. ಅದೇ ಚೀಟಿಯ ಕೊನೆಗೆ, ಹದಿನೆಂಟು ತುಂಬುವ ಮೊದಲು ಹೆಣ್ಣಿಗೆ ಮದುವೆ ಮಾಡುವುದು ಅಪರಾಧ ಎಂಬ ಸಾಲು ಮತ್ತು ಮಕ್ಕಳ ಸಹಾಯವಾಣಿ 1098 ಇರುತ್ತದೆ. ವ್ಯಾಖ್ಯಾನ ಬೇಕಿಲ್ಲ. ಓದಬೇಕಾದವಳು ಓದಿಕೊಳ್ಳುತ್ತಾಳೆ.

9. ದುಡ್ಡಿನ ಮಾತು ಅಂಕಿಯಲ್ಲಿ

ಕೊಡಬೇಕಾದದ್ದು ಎಷ್ಟು, ಯಾವುದಕ್ಕೆ, ಯಾರಿಗೆ ವಿನಾಯಿತಿ, ರಸೀದಿ ಯಾರು ಕೊಡುತ್ತಾರೆ ಎಂಬುದನ್ನು ಬರೆಯಿರಿ. ಬರಬೇಕಾದದ್ದನ್ನೂ ಅಷ್ಟೇ ನೇರವಾಗಿ ಬರೆಯಿರಿ. ಎಂಟನೇ ತರಗತಿಯವರು ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯ ಬಗ್ಗೆ "ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಸುವರ್ಣಾವಕಾಶ" ಎಂದರೆ ಯಾರೂ ತಲೆ ಎತ್ತುವುದಿಲ್ಲ. "ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದವರ ಮಕ್ಕಳು ಆಯ್ಕೆಯಾದರೆ ವರ್ಷಕ್ಕೆ 12,000 ರೂಪಾಯಿ, ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ಒಟ್ಟು 48,000" ಎಂದರೆ ಮಾರನೆಯ ದಿನವೇ ತಂದೆ ಶಾಲೆಗೆ ಬರುತ್ತಾರೆ.

ದಂಡದ ಮಾತೂ ಹಾಗೆಯೇ. ಲೈಸೆನ್ಸ್ ಇಲ್ಲದೆ ಸ್ಕೂಟರ್ ಓಡಿಸಿಕೊಂಡು ಶಾಲೆಗೆ ಬರುವ ಹುಡುಗರ ಬಗ್ಗೆ ಎಷ್ಟು ಉಪದೇಶ ಬರೆದರೂ ಪ್ರಯೋಜನ ಕಂಡಿಲ್ಲ. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಓಡಿಸಿ ಸಿಕ್ಕರೆ ಗಾಡಿಯ ಮಾಲೀಕರಿಗೆ ಅಥವಾ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ವರ್ಷಕ್ಕೆ ಒಂದು ಸಲ, ಒಂದೇ ಸಾಲು ಸಾಕು.

10. ಸಂತೋಷದ ಸುದ್ದಿಗೆ ಜಾಗ ಉಳಿಸಿ

ಪ್ರತಿ ವಾರ ಒಂದು. ಹೋಬಳಿ ಮಟ್ಟದ ಖೋಖೋದಲ್ಲಿ ಗೆದ್ದವರು, ಪ್ರತಿಭಾ ಕಾರಂಜಿಯಲ್ಲಿ ಹಾಡಿದವಳು, ಶಾಲೆಯ ಕೈತೋಟದಲ್ಲಿ ಬಸಳೆ ಹಬ್ಬಿಸಿದವನು. ಮೊದಲ ರ‍್ಯಾಂಕಿನವರೇ ಪದೇಪದೇ ಬರದಂತೆ ನೋಡಿಕೊಳ್ಳಿ. ಫೋಟೋ ಹಾಕುವ ಮೊದಲು ಮನೆಯವರನ್ನು ಕೇಳಿ.

11. ಕಳಿಸುವ ಮೊದಲು ಅಡುಗೆಮನೆಯಲ್ಲಿ ಓದಿ

ನಮ್ಮ ಚೀಟಿಯ ಕೊನೆಯ ಪರೀಕ್ಷೆ ನಡೆಯುವುದು ಬಿಸಿಯೂಟದ ಅಡುಗೆಮನೆಯಲ್ಲಿ. ಅಡುಗೆಯ ಅಕ್ಕಂದಿರಲ್ಲಿ ಇಬ್ಬರ ಮಕ್ಕಳು ನಮ್ಮಲ್ಲೇ ಓದುತ್ತಾರೆ. ಅವರು ಪಾತ್ರೆ ತೊಳೆಯುತ್ತಿರುವಾಗ ನಾನು ಜೋರಾಗಿ ಓದುತ್ತೇನೆ. "ದೃಢೀಕೃತ ಪ್ರತಿ ಅಂದ್ರೇನು ಸರ್, ಜೆರಾಕ್ಸಾ?" ಎಂಬ ಪ್ರಶ್ನೆ ಅಲ್ಲಿಂದಲೇ ಬಂತು. "ಬುಧವಾರ ನಮ್ಮೂರ ಸಂತೆ, ಅವತ್ತು ಯಾರು ಬರ್ತಾರೆ?" ಎಂದು ಸಭೆಯ ದಿನ ಬದಲಾಯಿಸಿದವರೂ ಅವರೇ. ಅವರಿಗೆ ಒಂದೇ ಸಲಕ್ಕೆ ಅರ್ಥವಾಗದ ಸಾಲನ್ನು ಅಲ್ಲೇ ಕೂತು ಮತ್ತೆ ಬರೆಯುತ್ತೇನೆ.

ಈ ಕೆಲಸ ಮಾಡುವ ಶಿಕ್ಷಕ ಮಿತ್ರರಲ್ಲಿ ಒಂದೇ ಕೋರಿಕೆ. ಶಾಲಾ ವರ್ಷದ ಮೊದಲ ಚೀಟಿ ಬರೆಯುವ ಮುನ್ನ ದಾಖಲೆಯಲ್ಲಿರುವ ಪೋಷಕರ ನಂಬರುಗಳಿಗೆಲ್ಲ ಒಮ್ಮೆ ಫೋನು ಮಾಡಿ. ರೀಚಾರ್ಜ್ ಇಲ್ಲದೆ ಸತ್ತುಹೋದ ನಂಬರುಗಳು, ಊರು ಬಿಟ್ಟ ಚಿಕ್ಕಪ್ಪನ ನಂಬರುಗಳು, ಸೇರಿಸುವಾಗ ಒಂದಂಕಿ ತಪ್ಪಿದವು ಎಲ್ಲ ಆಗ ಸಿಗುತ್ತವೆ. ಜೂನ್ ಮೊದಲ ವಾರ, ಮಕ್ಕಳಿಗೆ ಸೇತುಬಂಧ ನಡೆಯುತ್ತಿರುವಾಗ, ಅದಕ್ಕೆ ಸಮಯ ಸಿಗುತ್ತದೆ.